ಸೌದೆ ಒಡೆಯೋರು ಯಾರು

ಕಣಕಟ್ಟೆ
15 ಡಿಸೆಂಬರ್ 2024, ಭಾನುವಾರ

ಪ್ರೀತಿಯ ಹೇಮಾ,

ನೀವೆಲ್ಲ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ಗಣೇಶನ ಹಬ್ಬದಲ್ಲಿ ನೀನು ಫೋನ್ ಮಾಡಿದಾಗ ಬರೀ ಹ್ಞೂಂ ಎಂದು ಇಟ್ಟುಬಿಟ್ಟೆ. ಸರಿಯಾದ ಉತ್ತರ ಕೊಡುವ ಹೊತ್ತಿಗೆ ಡಿಸೆಂಬರ್ ಬಂತು, ಕ್ಷಮಿಸು. ವಾಟ್ಸಾಪ್‌ನಲ್ಲಿ ಬರೆದರೆ ನೀನು ಓದಿದೆಯೋ ಇಲ್ಲವೋ ಎಂದು ಮತ್ತೆ ಮತ್ತೆ ತೆರೆದು ನೋಡುತ್ತೇನೆ; ಕಾಗದವಾದರೆ ಆ ಕಾಟವಿಲ್ಲ. ಮೊದಲು ಇಂಗ್ಲಿಷಿನಲ್ಲಿ ಶುರುಮಾಡಿ ಹರಿದುಹಾಕಿದೆ. ಆ ಭಾಷೆಯಲ್ಲಿ ಬರೆದರೆ ನಾನು ಎಲ್ಲದರಲ್ಲೂ ಸರಿಯಾಗಿದ್ದವಳ ಹಾಗೆ ಕಾಣುತ್ತೇನೆ.

ನಿನ್ನ ಮಗಳು ಕೋಮಲ ಚೆನ್ನಾಗಿದ್ದಾಳೆ. ಅರಸೀಕೆರೆಯ ಹಾಸ್ಟೆಲ್ ಊಟಕ್ಕೆ ಹೊಂದಿಕೊಂಡಿದ್ದಾಳೆ. ಕಾಲೇಜಿನಲ್ಲಿ ನಾನು ಪಾಠ ಮಾಡುವಾಗ ಮಾತ್ರ ಕಿಟಕಿಯಾಚೆ ನೋಡುತ್ತಿರುತ್ತಾಳೆ, ನಿನ್ನ ಹಾಗೆಯೇ.

ಅವತ್ತು ನೀನು ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ಸಂಕ್ರಾಂತಿ ಕ್ಯಾಂಪು ಈ ಸಲಾನೂ ಬೇಡ ಬಿಡೇ. ಹೋದ ಸಲಾನೂ ಯಾರೂ ಹೋಗ್ಲಿಲ್ಲ. ಶಶಿಗೆ ಬೆನ್ನುನೋವು, ಮಹಾಂತೇಶೂ ಇಲ್ಲ, ಸೌದೆ ಒಡೆಯೋರು ಯಾರು?" ಪ್ರತಿ ಸಂಕ್ರಾಂತಿಯ ಮರುದಿನ ನಾವು ಎರಡು ಜೋಡಿ ಗೆಂಡೆಹಳ್ಳಿಯ ನಿಮ್ಮ ಹೊಲದಲ್ಲಿ, ಕೆರೆ ಏರಿಯ ಕೆಳಗೆ, ಟೆಂಟ್ ಹಾಕುತ್ತಿದ್ದೆವು. ಮಹಾಂತೇಶ್ ಸೌದೆ ಒಡೆಯುತ್ತಿದ್ದರು, ನಿನ್ನ ಗಂಡ ಶಶಿಯವರು ಬೆಂಕಿ ನೋಡಿಕೊಳ್ಳುತ್ತಿದ್ದರು, ನಾವಿಬ್ಬರು ಗಂಟಲು ಬೀಳುವವರೆಗೆ ಮಾತಾಡುತ್ತಿದ್ದೆವು. ಮಹಾಂತೇಶ್ ನನ್ನನ್ನು ಬಿಟ್ಟು ತಿಪಟೂರಿನಲ್ಲಿ ಬೇರೆ ಮನೆ ಮಾಡಿದ ಮೇಲೆ ನಾನು ಎದುರುನೋಡುವ ದಿನವೆಂದು ಉಳಿದದ್ದು ಅದೊಂದೇ. ಸೌದೆಯೇ ತೊಡಕಾದರೆ ಸೌದೆ ಒಡೆಯುವುದನ್ನು ನಾನೇ ಕಲಿಯುತ್ತೇನೆ ಎಂದುಕೊಂಡೆ.

ಮೊದಲು ಆನ್‌ಲೈನಿನಲ್ಲಿ ಒಂದು ಪುಟ್ಟ ಕ್ಯಾಂಪಿಂಗ್ ಕೊಡಲಿ ತರಿಸಿದೆ. ಕೆಂಪು ಹಿಡಿ, ಅದಕ್ಕೊಂದು ಚರ್ಮದ ಚೀಲ, ನೋಡಲು ಬಲು ಮುದ್ದು. ಜಾಲಿ ಕೊರಡಿಗೆ ಹೊಡೆದರೆ ಕಚ್ಚಿಕೊಂಡು ನಿಂತಿತು. ಎಳೆದರೆ ಕೊರಡೂ ಎದ್ದು ಬಂತು. ನಮ್ಮ ತೋಟಕ್ಕೆ ಕೆಲಸಕ್ಕೆ ಬರುವ ರುದ್ರಮ್ಮ ಅದನ್ನು ತಿರುಗಿಸಿ ನೋಡಿ, ಇದರಲ್ಲಿ ತೆಂಗಿನಕಾಯಿ ಒಡೆಯಬಹುದು, ಅದೂ ಎಳೆಯದಾದರೆ ಎಂದಳು. ಕೊಂಬೆ ಕಡಿಯುವ ಕೊಡಲಿಗೆ ತೆಳು ಬಾಯಿ ಸಾಕು, ಕೊರಡು ಸೀಳುವುದಕ್ಕೆ ಎರಡೂ ಪಕ್ಕ ದಪ್ಪಗಿರುವ, ತೂಕದ ಕೊಡಲಿಯೇ ಬೇಕು ಎಂದು ನನಗೆ ಆಮೇಲೆ ಗೊತ್ತಾಯಿತು. ಅಂಥದೊಂದನ್ನು ಜಾವಗಲ್ ಸಂತೆಯಲ್ಲಿ ಕೊಂಡೆ. ಅದಕ್ಕೆ ಕಾವು, ಅಂದರೆ ಮರದ ಹಿಡಿ, ಹಾಕಿಕೊಟ್ಟ ಬಡಗಿ ಕಾಳಯ್ಯ ನನ್ನ ಕಂಕುಳಿನಿಂದ ಬೆರಳ ತುದಿಯವರೆಗೆ ಅಳತೆ ಹಿಡಿದು, ಯಜಮಾನರ ತೋಳು ಇನ್ನೂ ಉದ್ದ ಇರುತ್ತಲ್ಲ ಎಂದು ಕೇಳಿದ. ನನ್ನ ಅಳತೆಯೇ ಸಾಕು ಎಂದೆ.

ಹರಿತ ಮಾಡುವಾಗ ಇನ್ನೊಂದು ಪೆದ್ದುತನ. ಹಳೇಬೀಡಿನಲ್ಲಿ ಶಿಲ್ಪ ಕೆತ್ತುವವರ ಹತ್ತಿರ ನಾವು ಆರಿಸಿಕೊಂಡು ಬಂದ ಕಲ್ಲಿನ ಚೂರು ನೆನಪಿದೆಯಾ? ಎಷ್ಟು ನುಣುಪಾಗಿದೆ, ಸಾಣೆಗೆ ಸರಿಯಾಗುತ್ತದೆ ಎಂದು ಒಂದು ವಾರ ಕೊಡಲಿಯನ್ನು ಅದರ ಮೇಲೆ ಉಜ್ಜಿದೆ. ಅದು ಬಳಪದ ಕಲ್ಲು. ಬೆಳ್ಳಗೆ ಪುಡಿ ಉದುರಿತು, ಕೊಡಲಿಯ ಬಾಯಿ ಮೊಂಡಾಗಿಯೇ ಉಳಿಯಿತು, ಕಲ್ಲಿಗೆ ಮಾತ್ರ ನಡುವೆ ಸೊಂಟ ಬಂತು. "ಇನ್ನೊಂದು ವಾರ ಉಜ್ಜಿ ಅಕ್ಕಾ, ಬೇಲೂರಿನ ಗೊಂಬೆ ಆಯ್ತದೆ" ಎಂದು ರುದ್ರಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಈಗ ಅರದಲ್ಲಿ ಉಜ್ಜಿ, ಸಾಣೆಕಲ್ಲಿನಲ್ಲಿ ಮುಗಿಸಿ, ಬಾಯಿಗೆ ಕೊಬ್ಬರಿ ಎಣ್ಣೆ ಸವರಿ ಇಡುತ್ತೇನೆ.

ಅವಳ ಮಾತೂ ಎಲ್ಲ ಸರಿಯಿರುವುದಿಲ್ಲ. ಕಾವು ಸಡಿಲವಾದಾಗ ರಾತ್ರಿಯೆಲ್ಲ ನೀರಿನಲ್ಲಿ ನೆನೆಹಾಕು ಎಂದಳು. ಬೆಳಿಗ್ಗೆ ಬಿಗಿಯಾಗಿತ್ತು. ಎರಡು ದಿನ ಒಣಗಿತು ನೋಡು, ಎತ್ತಿದ ಕೈಯಿಂದ ಕೊಡಲಿಯ ತಲೆ ಹಾರಿ ನೀರಿನ ತೊಟ್ಟಿಯ ಅಂಚು ಮುರಿಯಿತು. ನನ್ನ ಕಾಲಿನಿಂದ ಒಂದು ಗೇಣು ಆಚೆ. ಕೂಗೋಣವೆಂದು ಬಾಯಿ ತೆರೆದೆ. ಯಾರ ಹೆಸರು ಹಿಡಿದು ಕೂಗಬೇಕೆಂದು ತಿಳಿಯಲಿಲ್ಲ. ಹಾಗೇ ತೊಟ್ಟಿಯ ಪಕ್ಕ ಕೂತೆ. ಮರುದಿನ ಕಾಳಯ್ಯ ಬೆಣೆ ಹೊಡೆದುಕೊಟ್ಟ.

ರುದ್ರಮ್ಮ ಕೊಡಲಿಯನ್ನು ಎಂದೂ ನನ್ನ ಕೈಗೆ ಕೊಡುವುದಿಲ್ಲ. ನೆಲಕ್ಕಿಡುತ್ತಾಳೆ, ನಾನು ಎತ್ತಿಕೊಳ್ಳಬೇಕು. ಕಬ್ಬಿಣ ಕೈಯಿಂದ ಕೈಗೆ ಹೋದರೆ ಇಬ್ಬರಿಗೂ ಜಗಳ ಬರುತ್ತದಂತೆ. ನಾನು ಇದನ್ನೆಲ್ಲ ನಂಬುವುದಿಲ್ಲ, ನಿನಗೆ ಗೊತ್ತು. ಆದರೂ ಅವತ್ತು ಸಂಜೆ ನೀರೊಲೆಯ ಮುಂದೆ ಕೂತು, ಮಹಾಂತೇಶ್ ಕೈಗೆ ನಾನು ಎಷ್ಟು ಸಲ ಚಾಕು, ಕತ್ತರಿ ನೇರವಾಗಿ ಕೊಟ್ಟಿರಬಹುದು ಎಂದು ಯೋಚಿಸಿದೆ. ನಾವು ಜಗಳವನ್ನೇ ಆಡಲಿಲ್ಲವಲ್ಲ ಎಂದು ಆಮೇಲೆ ಹೊಳೆಯಿತು. ಆಡಿದ್ದರೆ ಚೆನ್ನಾಗಿತ್ತೋ ಏನೋ.

ಈಗ ಜಾಲಿ ಕೊರಡು ಒಂದೇ ಏಟಿಗೆ ಸೀಳುತ್ತದೆ. ಆ ಸದ್ದು ಕೇಳಲಿಕ್ಕೆಂದೇ ಬೇಕಾದ್ದಕ್ಕಿಂತ ಹೆಚ್ಚು ಒಡೆಯುತ್ತೇನೆ. ಬಚ್ಚಲುಮನೆಯ ಗೋಡೆಯುದ್ದಕ್ಕೂ ಪೇರಿಸಿದ್ದೇನೆ. ಒಬ್ಬಳ ಸ್ನಾನಕ್ಕೆ ಎಷ್ಟು ಬೇಕು ಹೇಳು? "ಮದುವೆ ಮನೆಗೆ ಆಗೋವಷ್ಟು ಐತೆ. ಗಂಡು ಯಾರಕ್ಕಾ?" ಎಂದಳು ರುದ್ರಮ್ಮ. ನಾನೂ ನಕ್ಕೆ.

ಅದಕ್ಕೇ ಹೇಮಾ, ಈ ಸಂಕ್ರಾಂತಿಗೆ ಹೋಗೋಣ. ಶಶಿಯವರು ಬೆನ್ನಿಗೆ ದಿಂಬು ಕೊಟ್ಟು ಕೂತಿರಲಿ. ಸೌದೆ ನನ್ನದು, ಒಲೆಯೂ ನನ್ನದು. ನೀನು ಬಂದು ಮಾತಾಡಿದರೆ ಸಾಕು.

ಶಶಿಯವರ ಬೆನ್ನು ಬೇಗ ಹಗುರಾಗಲಿ. ಕೋಮಲಳಿಗೆ ಪರೀಕ್ಷೆ ಚೆನ್ನಾಗಿ ಆಗಲಿ, ನಿನ್ನ ಮನೆಯಲ್ಲಿ ಸದಾ ನಗು ಇರಲಿ.

ನಿನ್ನ
ದ್ರಾಕ್ಷಾಯಣಿ

ಮಂಗಳವಾರ

ಇನ್ನೊಂದು ಮಾತು: ಲಕೋಟೆ ಅಂಟಿಸುವ ಮೊದಲು ಇದನ್ನೂ ಸೇರಿಸುತ್ತಿದ್ದೇನೆ. ಸಂಕ್ರಾಂತಿಗೆ ಹೋಗುವ ಆಸೆಯನ್ನು ನಿನ್ನೆ ಕಾಲೇಜಿನಲ್ಲಿ ಕೋಮಲಳಿಗೆ ಹೇಳಿದೆ. "ಹೋದ್ ಸಲ ನೀವ್ಯಾಕೆ ಬರ್ಲಿಲ್ಲ ಮ್ಯಾಮ್? ಸೂಪರಾಗಿತ್ತು" ಎಂದು ಫೋನ್ ತೆಗೆದು ಫೋಟೊ ತೋರಿಸಿದಳು. ಅದೇ ಕೆರೆ ಏರಿ. ನೀನು, ಶಶಿಯವರು, ಇನ್ಯಾರೋ ಇಬ್ಬರು. ಅಂಚಿನಲ್ಲಿ ಸೌದೆ ಒಡೆಯುತ್ತಿದ್ದವರು ಮಹಾಂತೇಶ್. ಮಗುವನ್ನು ಬೈಯಬೇಡ, ಯಾರೂ ಹೋಗಲಿಲ್ಲವೆಂದು ನೀನು ನನಗೆ ಹೇಳಿದ್ದು ಅವಳಿಗೆ ಗೊತ್ತಿಲ್ಲ; ಚೆನ್ನಾಗಿ ಬಂದಿದೆ ಎಂದಷ್ಟೇ ನಾನು ಹೇಳಿದೆ.

ಅವರನ್ನು ಕರೆದದ್ದು ತಪ್ಪೆನ್ನಲಾರೆ. ಶಶಿಯವರಿಗೆ ಅವರು ಚಿಕ್ಕಂದಿನ ಗೆಳೆಯ. ಇಬ್ಬರಲ್ಲಿ ಒಬ್ಬರನ್ನೇ ಕರೆಯಬೇಕಾಗಿ ಬಂದಾಗ ನೀನು ಎಷ್ಟು ಹೊತ್ತು ಯೋಚಿಸಿದೆ ಎಂಬುದೊಂದನ್ನು ಹೇಳು ಹೇಮಾ. ಸ್ವಲ್ಪ ಹೊತ್ತಾದರೂ ಯೋಚಿಸಿದ್ದರೆ ನನಗೆ ಸಾಕು.