ಹನ್ನೊಂದನೆಯ ಸಾಲು

ಮನೆಯಿಂದ,
ಜೂನ್ ೧೧, ಮಂಗಳವಾರ

ಪ್ರೀತಿಯ ಅಧ್ಯಕ್ಷರೇ,

ಮಂಡಿನೋವು ಹೇಗಿದೆ? ದಿನವಿಡೀ ನಿಂತೇ ಪಾಠ ಮಾಡುತ್ತೀಯಂತೆ, ಮಗಳು ಹೇಳಿದಳು. ಹೊಸದಾಗಿ ಚುನಾವಣೆ ಗೆದ್ದುಬಂದ ಹೆಣ್ಣುಮಕ್ಕಳಿಗೆ ಸಭೆ ನಡೆಸುವುದನ್ನು ಕಲಿಸುವವಳಿಗೆ ಕುರ್ಚಿಯ ಮೇಲೆ ಕೂರುವುದನ್ನು ನಾನು ಕಲಿಸಬೇಕೇ? ನಾನು ಚೆನ್ನಾಗಿದ್ದೇನೆ, ತಲೆ ಮಾತ್ರ ಕೆಟ್ಟುಹೋಗಿದೆ.

ಪುರಸಭೆಯ ಸಭಾಂಗಣಕ್ಕೆ ಬಣ್ಣ ಹೊಡೆಸುತ್ತಿದ್ದಾರೆ. ಹಿಂದಿನ ಅಧ್ಯಕ್ಷರೆಲ್ಲರ ಹೆಸರಿದ್ದ ಹಲಗೆಗೆ ಗೆದ್ದಲು ಹತ್ತಿತ್ತಲ್ಲ, ಹಳೆಯ ಫೈಲು ನೋಡಿ ಹೊಸ ಹಲಗೆ ಬರೆಸಿದ್ದಾರೆ. ಸಂಭ್ರಮದಿಂದ ನೋಡಲು ಹೋದರೆ ಹನ್ನೊಂದನೆಯ ಸಾಲಿನಲ್ಲಿ, ನಿನ್ನ ಹೆಸರಿರಬೇಕಾದ ಕಡೆ, ನನ್ನ ಹೆಸರು. ಈ ಊರಿನ ಮೊದಲ ಅಧ್ಯಕ್ಷೆ ನೀನು. ಐದು ವರ್ಷ ಬಡಿದಾಡಿ ಮಾರುಕಟ್ಟೆ ಬೀದಿಗೆ ಚರಂಡಿ ಮಾಡಿಸಿದವಳು, ಆಮೇಲೆ ಬಸ್ ಕಂಪನಿಯ ಮ್ಯಾನೇಜರಾಗಿ ಇನ್ನೂರು ಡ್ರೈವರುಗಳನ್ನು ಹದ್ದುಬಸ್ತಿನಲ್ಲಿ ಇಟ್ಟವಳು. ನಾನು ಡ್ರಾಯಿಂಗ್ ಮೇಷ್ಟ್ರು. ಯಾವ ಸೀಮೆಯ ಅಧ್ಯಕ್ಷ?

ಗುಮಾಸ್ತ ತಲೆಯನ್ನೂ ಎತ್ತದೆ, "ಯಾರ ಹೆಸರಾದ್ರೇನು ಸಾರ್, ಒಂದೇ ಮನೆ ತಾನೇ?" ಅಂದ. ಮೈಯೆಲ್ಲ ಉರಿದುಹೋಯಿತು. ಬಣ್ಣದವನನ್ನು ಹಿಡಿದರೆ ಚೀಟಿಯಿಲ್ಲದೆ ಕುಂಚ ಮುಟ್ಟುವುದಿಲ್ಲವಂತೆ. ಚೀಟಿ ಕೇಳಿದರೆ ಗುಮಾಸ್ತ ಇಂಜಿನಿಯರರ ಕಡೆ ಕೈ ತೋರಿಸುತ್ತಾನೆ, ಅವರು ಮುಖ್ಯಾಧಿಕಾರಿಯ ಕಡೆ. ನಾಲ್ಕು ದಿನ ಅಲೆದು ಚಪ್ಪಲಿ ಸವೆಯಿತು. ಇದರ ಮೇಲೆ ಕ್ಷೌರದಂಗಡಿಯವನು ನನ್ನನ್ನು ಕಂಡಾಗಲೆಲ್ಲ ಎದ್ದು ನಿಂತು ಸಲಾಂ ಹೊಡೆಯುತ್ತಾನೆ, ತರಲೆ. ಹೋಗಲಿ ಬಿಡಪ್ಪ ಅನ್ನುತ್ತಾಳೆ ಮಗಳು. ಹೇಗೆ ಬಿಡುವುದು? ಮುಂದಿನ ಸೋಮವಾರ ಉದ್ಘಾಟನೆ. ನಿನಗೂ ಆಹ್ವಾನವಿದೆ, ಬಂದವಳು ಅದನ್ನು ಓದಬೇಕಲ್ಲ.

ಹೊತ್ತುಹೊತ್ತಿಗೆ ಊಟ ಮಾಡು. ನಿನ್ನ ಶಿಷ್ಯೆಯರಿಗೆಲ್ಲ ನನ್ನ ನಮಸ್ಕಾರ ತಿಳಿಸು.

ನಿನ್ನ,
ಮೇಷ್ಟ್ರು

ತಾ.ಕ.: ಲಕೋಟೆ ಅಂಟಿಸಿದವನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಮೇಲೆ ಪೂರ್ತಿ ಹೇಳಲಿಲ್ಲ. ಮುಖ್ಯಾಧಿಕಾರಿ ಆ ಫೈಲನ್ನು ನನ್ನ ಮುಂದೆಯೇ ತೆರೆದರು. ನೀನು ಗೆದ್ದ ವರ್ಷ ಟೈಫಾಯಿಡ್ ಆಗಿ ಆಸ್ಪತ್ರೆಯಲ್ಲಿದ್ದೆಯಲ್ಲ, ಆಗಿನ ಗುಮಾಸ್ತ ಮೂರು ಕಾಗದ ಮನೆಗೆ ತಂದಿದ್ದ. ಅಧ್ಯಕ್ಷರು ಎಂದಿದ್ದ ಕಡೆ ನಾನೇ ಸಹಿ ಹಾಕಿ, ಕೆಳಗೆ ಹೆಸರನ್ನೂ ಬರೆದೆ. ತಪ್ಪು ಅನ್ನಿಸಲಿಲ್ಲ, ಖುಷಿಯೇ ಆಗಿತ್ತು. ಇಪ್ಪತ್ತೆಂಟು ವರ್ಷ ನಿನ್ನಿಂದ ಮುಚ್ಚಿಟ್ಟೆ. ನನಗೆ ಅಧಿಕಾರವಿರಲಿಲ್ಲ ಎಂದು ನಾನು ಬರೆದುಕೊಟ್ಟರೆ ಮಾತ್ರ ಹಲಗೆ ತಿದ್ದುತ್ತಾರಂತೆ, ಸೋಮವಾರ ನನ್ನ ಆ ಹೇಳಿಕೆಯನ್ನು ಎಲ್ಲರೆದುರು ಓದುತ್ತಾರಂತೆ. ನಿನ್ನೆ ಬರೆದುಕೊಟ್ಟೆ. ಊರಿಗೆ ತಿಳಿಯುವ ಮೊದಲು ನಿನಗೆ ತಿಳಿಯಲಿ. ಭಾನುವಾರವೇ ಬಂದುಬಿಡು, ಬೈಯುವುದನ್ನೆಲ್ಲ ಮನೆಯಲ್ಲೇ ಬೈದು ಮುಗಿಸು.