ಬರ್ತೀನಿ ಅಂದಿದ್ದಕ್ಕೆ ಬಸ್ ಹತ್ತಿಸಿದರು

ಹಾಸ್ಟೆಲ್, ಮೂರನೆಯ ಮಹಡಿ
ಭಾನುವಾರ, ಅಕ್ಟೋಬರ್ ೧೮

ಪ್ರೀತಿಯ ಮೆಣಸಿನಕಾಯಿಗೆ,

ನೀನು ಜಡೆ ಕತ್ತರಿಸಿಕೊಂಡು ಕೂದಲನ್ನು ಕಿವಿಯ ಮಟ್ಟಕ್ಕೆ ತಂದಿದ್ದೀಯಂತೆ. ಸುದ್ದಿ ಕೊಟ್ಟವರು ಅಜ್ಜಿ, ನಿನ್ನೆ ಸಂಜೆಯ ಫೋನಿನಲ್ಲಿ. “ಥೇಟ್ ಗಂಡುಹುಡುಗನ ಹಾಗೆ ಕಾಣ್ತಾಳೆ ಕಣೇ” ಎಂದರು. ಹಿಂದಿನಿಂದ ನಿಮ್ಮಪ್ಪ, “ಚೆನ್ನಾಗೇ ಇದೆ, ಶಾಂಪೂ ಉಳೀತು” ಎಂದರು. ಎರಡು ಹೇಳಿಕೆಗಳೂ ತಾಳೆಯಾಗದ ಕಾರಣ ನೀನೇ ಒಂದು ಫೋಟೋ ಕಳಿಸಬೇಕು.

ಕಾಗದ ತಡವಾಯಿತು, ಕ್ಷಮಿಸು. ಫೋನ್ ಇದೆಯಲ್ಲ ಎಂದು ಬರೆಯುವುದನ್ನು ಮುಂದೂಡುತ್ತಲೇ ಬಂದೆ. ಆದರೆ ಕಾಲೇಜಿನವರು ಕೋರ್ಸನ್ನು ಇನ್ನೊಂದು ವರ್ಷ ಮುಂದುವರಿಸಿದ್ದಾರೆ ಎಂದು ನಾನು ಹೇಳಿದ ದಿನದಿಂದ ನೀನು ಫೋನಿಗೆ ಬಂದಿಲ್ಲ. ನಿನ್ನೆಗೆ ಐದು ಶನಿವಾರವಾಯಿತು. ಐದು ಸಲವೂ ನಿಮ್ಮಪ್ಪ, “ಸ್ನಾನ ಮಾಡ್ತಿದ್ದಾಳೆ” ಎಂದರು. ಇಷ್ಟು ಶುಭ್ರವಾದ ಹುಡುಗಿ ನಮ್ಮ ವಂಶದಲ್ಲೇ ಹುಟ್ಟಿರಲಿಲ್ಲ. ಅಪ್ಪನ ಜೊತೆಗೂ ಮಾತು ಬಿಟ್ಟಿದ್ದೀಯ ಎಂದು ಅಜ್ಜಿ ದನಿ ತಗ್ಗಿಸಿ ಹೇಳಿದರು. ಇರಲಿ. ಕಾಗದಕ್ಕೆ ಉತ್ತರ ಕೊಡಲೇಬೇಕು ಅಂತೇನಿಲ್ಲ. ಸಿಟ್ಟು ಇಟ್ಟುಕೊಂಡೇ ಓದಬಹುದು.

ನಿನ್ನೆ ಇಲ್ಲೊಂದು ಎಡವಟ್ಟಾಯಿತು. ಅದನ್ನು ನಿನಗೆ ಹೇಳದಿದ್ದರೆ ನನಗೆ ಅನ್ನ ಅರಗುವುದಿಲ್ಲ.

ಹಾಸ್ಟೆಲಿನ ಬಟ್ಟೆ ಒಗೆಯುವ ಯಂತ್ರ ಕೆಟ್ಟು ನಾಲ್ಕು ದಿನವಾಗಿತ್ತು. ಬೆಳಿಗ್ಗೆ ಒಂಬತ್ತಕ್ಕೆ ವಾರದ ಕೊಳೆ ಬಟ್ಟೆಯನ್ನೆಲ್ಲ ಚೀಲಕ್ಕೆ ತುಂಬಿ, ಎರಡು ಬೀದಿ ಆಚೆಯ ಲಾಂಡ್ರಿಗೆ ಹೊರಟೆ. ಮಕ್ಕಳಿಗೆ ಕೃತಕ ಕಾಲು ಮಾಡುವುದನ್ನು ಕಲಿಯುವವರ ಬಟ್ಟೆ ಹೇಗಿರುತ್ತದೆ ಎಂದು ನಿನಗೆ ಗೊತ್ತಿಲ್ಲ. ದಿನವೂ ಪ್ಲಾಸ್ಟರ್ ಕಲಸಿ ಅಚ್ಚು ಹೊಯ್ದು, ಸಂಜೆಯ ಹೊತ್ತಿಗೆ ನಾವೇ ಸುಣ್ಣ ಬಳಿದ ಗೋಡೆಗಳಾಗಿರುತ್ತೇವೆ. ಕಾಲಲ್ಲಿ ಮನೆಯ ಚಪ್ಪಲಿ, ತಲೆ ಬಾಚಿರಲಿಲ್ಲ.

ಬಸ್ ನಿಲ್ದಾಣದಲ್ಲಿ ನನ್ನ ತರಗತಿಯ ಇಬ್ಬರು ನಿಂತಿದ್ದರು. ಒಬ್ಬಳು ಕೊಕ್ಕರೆ, ಹೆಸರು ನಾನಿಟ್ಟದ್ದು. ಇಪ್ಪತ್ತನಾಲ್ಕು ವರ್ಷ, ಆರಡಿ ಎತ್ತರ, ಅವಳ ಮನೆಯವರದು ಬೂಟು ಹೊಲಿಯುವ ಅಂಗಡಿ. ಇನ್ನೊಬ್ಬರು ಮೇಸ್ಟ್ರು. ಅವರದು ನಮ್ಮದೂ ಅಲ್ಲದ, ಇಲ್ಲಿಯದೂ ಅಲ್ಲದ ಇನ್ನೊಂದೇ ದೇಶ. ಐವತ್ತೆರಡು ವರ್ಷದ ಅವರು ಮೊದಲು ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದರು. ಅಪಘಾತದಲ್ಲಿ ಎಡಗಾಲು ಹೋದ ಮೇಲೆ, ತಮಗೆ ಸಿಕ್ಕ ಕಾಲು ಸರಿಯಿಲ್ಲ ಎಂಬ ಸಿಟ್ಟಿಗೇ ಈ ಕೋರ್ಸಿಗೆ ಬಂದವರು. ಇಬ್ಬರೂ ಕೆರೆ ನೋಡಲು ಹೊರಟಿದ್ದರು.

ಎರಡು ಮಾತಾಡಿದೆ. ಚೀಲ ಎತ್ತಿಕೊಂಡು, ನಮ್ಮ ರೂಢಿಯಂತೆ, “ಸರಿ, ನಾನು ಬರ್ತೀನಿ” ಎಂದೆ. ಎಡವಟ್ಟಾದದ್ದು ಅಲ್ಲೇ. ಅದನ್ನು ಇಲ್ಲಿನ ಭಾಷೆಗೆ ಅಕ್ಷರಕ್ಕೆ ಅಕ್ಷರ ತಿರುಗಿಸಿ ಹೇಳಿಬಿಟ್ಟಿದ್ದೆ.

ಕೊಕ್ಕರೆ ಹೋ ಎಂದು ಕೂಗಿ ನನ್ನ ಚೀಲ ಕಿತ್ತುಕೊಂಡಳು. ಬಸ್ಸೂ ಅದೇ ಕ್ಷಣಕ್ಕೆ ಬರಬೇಕೇ? ಮೇಸ್ಟ್ರು ಹಿಂದಿನಿಂದ ತಳ್ಳಿದರು, ಅವಳು ಮುಂದಿನಿಂದ ಎಳೆದಳು. ನಾನು ಬಾಯಿ ಬಿಡುವಷ್ಟರಲ್ಲಿ ಎರಡು ನಿಲ್ದಾಣ ದಾಟಿತ್ತು.

“ಬರ್ತೀನಿ ಅಂದ್ರಲ್ಲ ಅಕ್ಕಾ?” ಎಂದಳು. ಅಕ್ಕ ಅನ್ನುವುದನ್ನು ನಾನೇ ಕಲಿಸಿದ್ದು.

“ನಮ್ಮಲ್ಲಿ ಬರ್ತೀನಿ ಅಂದ್ರೆ ಹೋಗ್ತೀನಿ ಅಂತ.”

ಅವಳು ನನ್ನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದಳು: “ನಿಮ್ಮೂರಲ್ಲಿ ಜನ ರೈಲು ಹೇಗೆ ಹಿಡೀತಾರೆ?”

ಹೋಗ್ತೀನಿ ಅಂದರೆ ಮತ್ತೆ ಬರುವುದೇ ಇಲ್ಲ ಅನ್ನುವ ಹಾಗೆ ಕೇಳುತ್ತದೆ, ಅದಕ್ಕೇ ಹೊರಡುವಾಗಲೂ ಬರುವ ಮಾತನ್ನೇ ಆಡುತ್ತೇವೆ ಎಂದು ವಿವರಿಸಿದೆ. ಮೇಸ್ಟ್ರು ತಲೆದೂಗಿ, “ಒಳ್ಳೆ ಭಾಷೆ. ಆದ್ರೆ ಬಸ್ ನಿಲ್ದಾಣಕ್ಕೆ ಸರಿಹೋಗಲ್ಲ” ಎಂದರು.

ಒಂದು ಗಂಟೆ ಹತ್ತು ನಿಮಿಷದ ದಾರಿ. ಕೆರೆ ದೊಡ್ಡದು, ಆಚೆಯ ದಡ ಸಣ್ಣ ಗೆರೆಯಷ್ಟೇ ಕಾಣುತ್ತಿತ್ತು. ದೋಣಿ ಕಟ್ಟುವ ಹಳೆಯ ಮರದ ಕಟ್ಟೆಯ ಮೇಲೆ ಕುಳಿತು, ಅವರು ತಂದಿದ್ದ ಬೇಯಿಸಿದ ಮೊಟ್ಟೆ, ಬ್ರೆಡ್ಡು, ಸೇಬು ಮೂರು ಪಾಲು ಮಾಡಿದೆವು. ಮೊಟ್ಟೆ ನಾಲ್ಕಿತ್ತು. ಉಳಿದ ಒಂದನ್ನು ಮೂರು ಸಮಪಾಲು ಮಾಡುವುದು ಹೇಗೆ ಎಂದು ಮೇಸ್ಟ್ರು ಪಾಠ ಶುರುಮಾಡಿದರು. ಪಾಠ ಮುಗಿಯುವ ಮೊದಲೇ ಕೊಕ್ಕರೆ ಅದನ್ನು ನುಂಗಿದ್ದಳು.

ಆಮೇಲೆ ಮೇಸ್ಟ್ರು ಕೈ ತೊಳೆಯಲು ಮೆಟ್ಟಿಲಿಳಿದರು. ಪಾಚಿಯ ಮೇಲೆ ಜಾರಿ ಎಡಗಾಲು ಮಂಡಿಯವರೆಗೆ ನೀರಿಗಿಳಿಯಿತು. ಪೆಟ್ಟಾಗಲಿಲ್ಲ, ಆದರೆ ಪಾದದ ಬೋಲ್ಟ್ ಸಡಿಲವಾಗಿ ಪಾದ ಗಿರ್ರನೆ ಹಿಂದಕ್ಕೆ ತಿರುಗಿಕೊಂಡಿತು. “ಇದು ವಾಪಸ್ ಹೋಗೋಣ ಅಂತಿದೆ” ಎಂದರು ಅವರು.

ಕಾಲನ್ನು ಬಿಚ್ಚಿ ಬಿಸಿಲಿಗೆ ಮಲಗಿಸಿದೆವು. ಕೊಕ್ಕರೆಯ ಕೀ ಗೊಂಚಲಿನಲ್ಲಿ ಅಲೆನ್ ಕೀ ಇತ್ತು, ಬೋಲ್ಟ್ ಐದು ನಿಮಿಷದಲ್ಲಿ ಬಿಗಿಯಾಯಿತು. ತೊಂದರೆಯಿದ್ದದ್ದು ಒಳಗೆ ಹಾಕುವ ಹತ್ತಿಯ ಕಾಲುಚೀಲದ್ದು. ಅದು ನೆನೆದು ತೊಪ್ಪೆಯಾಗಿತ್ತು. ಒದ್ದೆಯದನ್ನೇ ಹಾಕಿಕೊಂಡು ನಡೆದರೆ ಚರ್ಮ ಕಿತ್ತುಬರುತ್ತದೆ ಎಂಬುದು ನಮ್ಮ ಮೊದಲ ವಾರದ ಪಾಠ. ಆಗ ನನ್ನ ಕೊಳೆ ಬಟ್ಟೆಯ ಚೀಲಕ್ಕೆ ಬೆಲೆ ಬಂತು. ಹೂವಿನ ಚಿತ್ತಾರದ ಹಳೆಯ ನೈಟಿಯ ತೋಳು ಕತ್ತರಿಸಿ, ತುದಿಗೆ ಗಂಟು ಹಾಕಿದೆ. ಹೇಳಿ ಮಾಡಿಸಿದ ಹಾಗೆ ಕೂತಿತು. ನಾಯಿ ಹಿಡಿದು ಬರುತ್ತಿದ್ದ ಹೆಂಗಸೊಬ್ಬರು ನಮ್ಮ ನಡುವೆ ಮಲಗಿದ್ದ ಕಾಲು ನೋಡಿ ಗಾಬರಿಯಾಗಿ, ಸಹಾಯ ಬೇಕೇ ಎಂದು ಕೇಳಿದರು. “ಬೇಡಮ್ಮ, ನಾವು ಮೂವರೂ ಕಾಲಿನವರೇ” ಎಂದರು ಮೇಸ್ಟ್ರು. ನನಗೆ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಇಲ್ಲಿಗೆ ಬಂದ ಮೇಲೆ ಹಾಗೆ ನಕ್ಕದ್ದು ಅದೇ ಮೊದಲು.

ನಗು ನಿಂತ ಮೇಲೆ ಕೊಕ್ಕರೆ ಕೇಳಿದಳು: “ಅಕ್ಕಾ, ಬರ್ತೀನಿ ಅಂತ ಹೇಳಿ ಹೊರಟ್ರೆ, ಯಾವಾಗ ಅಂತ ಯಾರೂ ಕೇಳಲ್ವಾ?”

“ಕೇಳ್ತಾರೆ.”

“ನಿಮ್ಮ ಮಗಳು ಕೇಳಿದ್ಲಾ?”

“ಕೇಳಿದ್ಲು. ಆರು ತಿಂಗಳು ಅಂದೆ.”

ಮೇಸ್ಟ್ರು ಪಟ್ಟಿ ಬಿಗಿಯುತ್ತಿದ್ದವರು ತಲೆಯೆತ್ತಿ ನನ್ನನ್ನು ನೋಡಿದರು. ನನ್ನ ಉಚ್ಚಾರಣೆಯಿಂದ ಹಿಡಿದು ಅಡುಗೆಮನೆಯ ಗಡಿಯಾರದವರೆಗೆ ಎಲ್ಲವನ್ನೂ ತಿದ್ದುವ ಮನುಷ್ಯ ಆಗ ಏನನ್ನೂ ತಿದ್ದಲಿಲ್ಲ. ಮತ್ತೆ ಬಗ್ಗಿ ಪಟ್ಟಿ ಬಿಗಿದುಕೊಂಡು, “ಎರಡೂವರೆಯ ಬಸ್ಸಿದೆ” ಎಂದಷ್ಟೇ ಹೇಳಿದರು.

ನಾಲ್ಕು ಗಂಟೆಗೆ ಹಾಸ್ಟೆಲ್ ಸೇರಿದೆವು. ಬಟ್ಟೆ ಇನ್ನೂ ಒಗೆದಿಲ್ಲ. ನೈಟಿಗೆ ಒಂದೇ ತೋಳು. ಬಾಗಿಲಲ್ಲಿ ಕೊಕ್ಕರೆ ಕನ್ನಡದಲ್ಲೇ, “ಬರ್ತೀನಿ ಅಕ್ಕಾ” ಎಂದು ಹೇಳಿ, ಸೀದಾ ನನ್ನ ಕೋಣೆಯೊಳಗೇ ಬಂದು ಕೂತಳು, ನನ್ನನ್ನು ರೇಗಿಸಲು.

ಇಷ್ಟು ಸುದ್ದಿ. ಅಜ್ಜಿಗೆ ನಮಸ್ಕಾರ ಹೇಳು, ಅವರ ಮಂಡಿಗೆ ಎಣ್ಣೆ ತಿಕ್ಕುವುದನ್ನು ಬಿಡಬೇಡ. ನಿನಗೆ ಎಲ್ಲ ಒಳ್ಳೆಯದಾಗಲಿ. ಕೂದಲು ಎಷ್ಟಿದ್ದರೇನು, ತಲೆ ತಣ್ಣಗಿರಲಿ, ನೂರು ಕಾಲ ಚೆನ್ನಾಗಿರು.

ನಿನ್ನ
ಅಮ್ಮ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಕೋರ್ಸನ್ನು ಯಾರೂ ಮುಂದುವರಿಸಿಲ್ಲ. ಅದು ಮೊದಲಿನಿಂದಲೂ ಹದಿನೆಂಟು ತಿಂಗಳಿನದೇ. ಹೊರಡುವ ಎರಡು ತಿಂಗಳ ಮೊದಲು, ಏಪ್ರಿಲ್‌ನಲ್ಲಿ ನಾನು ಸಹಿ ಹಾಕಿದ ಕಾಗದದಲ್ಲೇ ಹಾಗಿತ್ತು. ಹದಿನೆಂಟು ಅಂದಿದ್ದರೆ ನೀನು ಅಳುತ್ತಿದ್ದೆ, ನೀನು ಅತ್ತಿದ್ದರೆ ನಾನು ಹೊರಡುತ್ತಿರಲಿಲ್ಲ. ನನಗೆ ಹೊರಡಬೇಕಿತ್ತು. ಅದಕ್ಕೇ ಆರು ಅಂದೆ. ಆ ಸುಳ್ಳನ್ನು ಮುಚ್ಚಲು ಕಾಲೇಜಿನವರ ಮೇಲೆ ಹಾಕಿದ್ದು ಎರಡನೆಯ ಸುಳ್ಳು. ಅಪ್ಪನಿಗೆ ಇದು ಒಪ್ಪಿಗೆಯಿರಲಿಲ್ಲ, ಬಾಯಿ ಬಿಡಬೇಡಿ ಎಂದು ಆಣೆ ಹಾಕಿಸಿದವಳು ನಾನು. ಅವರ ಜೊತೆ ಮಾತಾಡು. ಸಿಟ್ಟನ್ನು ನನಗೆ ಇಟ್ಟುಕೋ.

ಕೋರ್ಸ್ ಮುಗಿಯುವುದು ಮುಂದಿನ ವರ್ಷ ಡಿಸೆಂಬರ್ ಹತ್ತನೇ ತಾರೀಖು. ಈ ಕಾಗದ ನಿನ್ನ ಕೈಸೇರಲು ಹತ್ತು ದಿನ ಬೇಕು. ಆಮೇಲಿನ ಶನಿವಾರ ಮೂವತ್ತೊಂದನೇ ತಾರೀಖು. ನಿಮ್ಮ ಗಡಿಯಾರದ ಸಂಜೆ ಏಳಕ್ಕೆ ಫೋನ್ ಮಾಡುತ್ತೇನೆ.