ಗೌಡರ ಕಾರಿನ ಕೊಂಡಿ

ಅಫಜಲಪುರ
ಶನಿವಾರ, 8 ಫೆಬ್ರವರಿ 2025

ಪ್ರೀತಿಯ ತಮ್ಮ ಗುರುಶಾಂತನಿಗೆ, ಅಣ್ಣ ಸಿದ್ದಲಿಂಗನ ಶರಣು.

ಹೇಗಿದ್ದೀ? ಕೆಮ್ಮು ಕಡಿಮೆಯಾಯಿತೇ? ಹೋದ ವಾರ ಜೈಲಿಗೆ ಭೇಟಿಗೆ ಬಂದಾಗ ಜಾಳಿಗೆಯ ಆಚೆ ನಿಂತು ನೀನು ಮಾತಾಡಿದ್ದಕ್ಕಿಂತ ಕೆಮ್ಮಿದ್ದೇ ಹೆಚ್ಚು. ಅಲ್ಲಿಯ ಡಾಕ್ಟರಿಗೆ ತೋರಿಸು, ಸಂಕೋಚ ಮಾಡಬೇಡ. ಚಿಕ್ಕಂದಿನಿಂದ ನೀನು ಹೀಗೇ, ಹಲ್ಲು ನೋವಿಗೆ ಗಲ್ಲ ಬಾತುಕೊಂಡರೂ ಬಾಯಿ ಬಿಟ್ಟು ಹೇಳುವವನಲ್ಲ. ಅವ್ವ ಇದ್ದಾಳೆ. ಚೆನ್ನಾಗಿದ್ದಾಳೆ ಎಂದು ಬರೆದರೆ ನೀನು ನಂಬುವುದಿಲ್ಲ, ಅದಕ್ಕೆ ಇದ್ದಾಳೆ ಎಂದಷ್ಟೇ ಬರೆದಿದ್ದೇನೆ. ಸಕ್ಕರೆ ಕಾಯಿಲೆಯ ಗುಳಿಗೆ ನುಂಗುವಾಗ ದಿನವೂ ಒಂದೇ ಪ್ರಶ್ನೆ, “ಗುರ್ಯಾ ಯಾವಾಗ ಬರ್ತಾನ?” ನಾನು “ಬರ್ತಾನ ಬೇ, ನೀ ಗುಳಿಗಿ ನುಂಗು” ಅನ್ನುತ್ತೇನೆ. ನಿನ್ನ ಹೆಂಡತಿ ಭಾಗ್ಯಜ್ಯೋತಿಯನ್ನು ಅವಳ ಅಪ್ಪ ಬಂದು ಹಿರೋಳ್ಳಿಗೆ ಕರೆದುಕೊಂಡು ಹೋದರು. ಹೋಗುವಾಗ ನಿನ್ನ ಎರಡು ಅಂಗಿ ಒಗೆದು ಮಡಚಿ ಟ್ರಂಕಿನಲ್ಲಿಟ್ಟು ಹೋದಳು. ನಾನು ಅವಳ ಮುಖ ನೋಡಲಿಲ್ಲ. ಅವಳು ನನ್ನ ಕಾಲಿಗೆ ನಮಸ್ಕಾರ ಮಾಡಿದಳು, ನಾನು ಗೋಡೆ ನೋಡುತ್ತ ಆಶೀರ್ವಾದ ಮಾಡಿದೆ. ನಿನ್ನ ವೈನಿ ಜಯಮಾಲಾ ಅದಕ್ಕೆ ಇವತ್ತಿಗೂ ನನ್ನ ಮೇಲೆ ಸಿಟ್ಟಾಗಿದ್ದಾಳೆ.

ಈಗ ಕೆಲಸದ ವಿಷಯ. ಬರುವ ಗುರುವಾರ ನಿನ್ನ ಜಾಮೀನಿನ ಅರ್ಜಿ ಮೂರನೇ ಸಲ ಕೋರ್ಟಿನ ಮುಂದೆ ಬರುತ್ತದೆ. ನಮ್ಮ ವಕೀಲರು ಮಧುಮತಿಬಾಯಿಯವರು ನಿನ್ನೆ ನನ್ನನ್ನು ಕರೆಸಿ, ಕೊಳಕೂರಿನ ದೌಲತರಾಯ ಗೌಡರ ಕಾರಿಗೆ ಕುದುರೆಗಾಡಿ ಎಳೆಯುವ ಕೊಂಡಿ ಕೂಡಿಸಿದ್ದನ್ನು ಮೊದಲಿನಿಂದ ಕೊನೆಯವರೆಗೆ ಬರೆದು, ತಮಗೊಂದು ಪ್ರತಿ ಕೊಟ್ಟು ನಿನಗೊಂದು ಕಳಿಸಲು ಹೇಳಿದರು. “ಅಣ್ಣ ತಮ್ಮ ಇಬ್ಬರ ಮಾತೂ ಕೂಡಬೇಕ್ರಿ” ಎಂದರು. ನಿನಗೆ ಗೊತ್ತಿದ್ದದ್ದನ್ನೇ ನಿನಗೆ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ. ನನ್ನ ಅಕ್ಷರವೂ ನಿನಗೆ ಗೊತ್ತಿದ್ದದ್ದೇ. ಶೆಡ್ಡಿನ ಬಾಗಿಲ ಮೇಲೆ ‘ಇಲ್ಲಿ ವೆಲ್ಡಿಂಗ್ ಮಾಡಲಾಗುವುದು’ ಎಂದು ನಾನು ಬರೆದದ್ದನ್ನು ನೋಡಿ ನೀನು ಎಷ್ಟು ನಕ್ಕಿದ್ದಿ!

ದೀಪಾವಳಿ ಮುಗಿದ ಮೇಲೆ ಗೌಡರು ಬಂದರು. ಅವರ ಆ ದೊಡ್ಡ ಕಾರು ನಮ್ಮ ಶೆಡ್ಡಿನ ಬಾಗಿಲಲ್ಲಿ ಹಿಡಿಸಲಿಲ್ಲ, ಹೊರಗೆ ಬೇವಿನ ಗಿಡದ ಕೆಳಗೆ ನಿಲ್ಲಿಸಿದರು. ಅವರ ಬಿಳಿ ಕುದುರೆ ಪ್ರತಿವರ್ಷ ಮಹಾರಾಷ್ಟ್ರದ ಕುದುರೆ ಸಂತೆಗೆ ಟೆಂಪೋದಲ್ಲಿ ಹೋಗುತ್ತಿತ್ತು. ಈ ಸಲ ಪುಣೆಯಿಂದ, ಕುದುರೆಯನ್ನು ಒಳಗೆ ನಿಲ್ಲಿಸಿ ಒಯ್ಯುವ ಎರಡು ಗಾಲಿಯ ಕುದುರೆಗಾಡಿ ತರಿಸಿದ್ದರು. ಅದನ್ನು ತಮ್ಮ ಸ್ವಂತ ಕಾರಿನ ಹಿಂದೆ ಕಟ್ಟಿಕೊಂಡು ಸಂತೆಯಲ್ಲಿ ಇಳಿಯಬೇಕು, ನಾಲ್ಕು ಜಿಲ್ಲೆಯ ಜನ ನೋಡಬೇಕು, ಇಷ್ಟೇ ಅವರ ಆಸೆ. ಅದಕ್ಕೇನು ದೊಡ್ಡ ಕೆಲಸ ಎಂದೆ ನಾನು. ಟ್ರ್ಯಾಕ್ಟರಿಗೆ ಹಾಕುವಂತೆ ಎರಡು ಪಟ್ಟಿ, ನಡುವೆ ಒಂದು ಪಿನ್ನು, ಹಿಂದೆ ಒತ್ತಿ ವೆಲ್ಡಿಂಗ್ ಹೊಡೆದರೆ ಅರ್ಧ ದಿನದ ಕೆಲಸ. ನೀನು ಒಪ್ಪಲಿಲ್ಲ. “ಅಣ್ಣಾ, ಟ್ರ್ಯಾಕ್ಟರ್ ಇಪ್ಪತ್ತರಾಗ ಹೋಗ್ತದ, ಇದು ಎಂಬತ್ತರಾಗ ಹೋಗ್ತದ. ಪಿನ್ ಬ್ಯಾಡ, ಗುಂಡಿನ ಕೊಂಡಿ ಬೇಕು, ಚಾಸಿಗೆ ಬೋಲ್ಟ್ ಮಾಡಬೇಕು” ಎಂದಿ. ಗೌಡರ ಎದುರಿಗೇ ಎಂದಿ. ನನಗೆ ಸಿಟ್ಟು ಬಂತು. “ವೆಲ್ಡಿಂಗ್ ಕಡ್ಡಿ ಹಿಡಿಯೋದು ಕಲಿಸಿದಾವ ನಾ, ಈಗ ನನಗ ಕಲಿಸಾಕತ್ತೀಯೇನಲೇ?” ಎಂದೆ. ಗೌಡರು ನಕ್ಕರು. ಆ ನಗು ನನಗೆ ಹಿಡಿಸಲಿಲ್ಲ, ಆದರೆ ನಿನ್ನ ಮಾತು ಸರಿಯಿತ್ತು. ಸರಿಯಿತ್ತೆಂದು ಆಗ ಹೇಳಲಿಲ್ಲ, ಈಗ ಹೇಳುತ್ತಿದ್ದೇನೆ.

ಆಳಂದದ ಗೌಸಮೊಹಿದ್ದೀನ ಸಾಹೇಬರ ಬಿಡಿಭಾಗಗಳ ಅಂಗಡಿಗೆ ನಾವಿಬ್ಬರೂ ಹೋದೆವು. ಅವರು ಮೂರು ನಮೂನೆ ತೆಗೆದು ಇಟ್ಟರು. ಒಂದು ಹೊಳೆಯುತ್ತಿತ್ತು, ಬಂಪರಿಗೆ ಕೂಡಿಸುವುದು. ನಾನು ಅದನ್ನೇ ಎತ್ತಿಕೊಂಡೆ. ಸಾಹೇಬರು ಮೆಲ್ಲಗೆ ಕಸಿದುಕೊಂಡು “ಇದು ನೋಡಾಕ ಅದ ಸಿದ್ದಲಿಂಗಪ್ಪ, ಎಳಿಯಾಕಲ್ಲ” ಎಂದರು. ನೀನು ಮೂರನೆಯದನ್ನು ಆರಿಸಿದಿ. ದಪ್ಪ ಚೌಕದ ಪೈಪು, ಚಾಸಿಯ ಎರಡೂ ಕಡೆ ಹಿಡಿಯುವ ಪಟ್ಟಿಗಳು, ನಡುವಿನ ಪಟ್ಟಿಯ ಮೇಲೆ ಉಕ್ಕಿನ ಗುಂಡು. ಆ ನಡುವಿನ ಪಟ್ಟಿಗೆಂದು ನಾಲ್ಕು ಬೋಲ್ಟುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು, ತಲೆಯ ಮೇಲಿನ ನಂಬರು ಓದಿ, ಗಟ್ಟಿ ಜಾತಿಯವೇ ಎಂದು ಖಾತ್ರಿ ಮಾಡಿಕೊಂಡಿ. ಇದು ಸಾಹೇಬರಿಗೆ ಚೆನ್ನಾಗಿ ನೆನಪಿದೆ. ಮುಂದೆ ಅದೇ ನಮ್ಮ ಕುತ್ತಿಗೆಗೆ ಬಂತು.

ಕುದುರೆ ಏರಿದ ಮೇಲೆ ಗಾಡಿಯ ಮೂತಿ ಕೊಂಡಿಯ ಮೇಲೆ ಎಷ್ಟು ಭಾರ ಕೊಡುತ್ತದೆ ಎಂದು ತಿಳಿಯಬೇಕೆಂದು ನೀನು ಹಟ ಹಿಡಿದದ್ದು ನೆನಪಿದೆಯೇ? ಕೊಳಕೂರಿಗೆ ಹೋಗಿ, ತೊಗರಿ ಚೀಲ ತೂಗುವ ಕಾಟಾವನ್ನು ಮೂತಿಯ ಕೆಳಗಿಟ್ಟು, ಕುದುರೆಯನ್ನು ಒಳಗೆ ಹತ್ತಿಸಿದೆವು. ಅದು ಒಂದೇ ಸಲ ಕಾಲು ಝಾಡಿಸಿತು, ಕಾಟಾದ ಮುಳ್ಳು ಗಿರ್ರೆಂದು ತಿರುಗಿತು, ಗೌಡರ ಆಳುಗಳೆಲ್ಲ ಬಿದ್ದು ಬಿದ್ದು ನಕ್ಕರು. ನೀನು ಮಾತ್ರ ಅದು ಶಾಂತವಾಗುವ ತನಕ ಕುಕ್ಕರಗಾಲಲ್ಲಿ ಕೂತು, ಮುಳ್ಳು ನೋಡಿ ಅಂಗೈ ಮೇಲೆ ಪೆನ್ನಿನಿಂದ ಬರೆದುಕೊಂಡಿ. ಅದನ್ನು ಇವತ್ತು ನೆನೆಸಿಕೊಂಡರೆ ನಗು ಬರುವುದಿಲ್ಲ.

ಕೂಡಿಸಲು ಮೂರು ದಿನ ಹಿಡಿಯಿತು. ಹಿಂದಿನ ಬಂಪರ್ ಬಿಚ್ಚಿದೆವು, ಚಾಸಿಯ ಕೆಸರು ತೊಳೆದೆವು, ಅದರ ಮೇಲಿನ ನಂಬರಿನ ಹತ್ತಿರ ಯಾರೂ ಗ್ರೈಂಡರ್ ಹಚ್ಚಬಾರದೆಂದು ನೀನು ಸುತ್ತಲೂ ಸೀಮೆಸುಣ್ಣದಿಂದ ಗೆರೆ ಎಳೆದಿ. ಒಂದೊಂದು ತೂತನ್ನೂ ಡ್ರಿಲ್‌ನಿಂದಲೇ ಕೊರೆದಿ. ಗ್ಯಾಸ್ ಕಟರಿನಿಂದ ಸುಟ್ಟರೆ ಬೇಗ ಆಗುತ್ತದೆ ಎಂದು ನಾನು ಹೇಳಿದ್ದಕ್ಕೆ “ಸುಟ್ಟ ತೂತು ಗುಂಡಗಿರಂಗಿಲ್ಲ ಅಣ್ಣಾ, ಬೋಲ್ಟ್ ಅದರಾಗ ಕುಣೀತದ” ಎಂದಿ. ಸಾಹೇಬರ ಅಂಗಡಿಯಿಂದ ಹೇಳಿದಷ್ಟು ಬಿಗಿಯಾದೊಡನೆ ಕಟ್ ಎಂದು ಸಪ್ಪಳ ಮಾಡುವ ಪಾನಾ ತಂದು, ಅಷ್ಟೇ ಬಿಗಿದು, ನಟ್ಟಿನ ಮೇಲೆ ಹಳದಿ ಬಣ್ಣದ ಗೆರೆ ಹಾಕಿದಿ. ಗೆರೆ ಸರಿದರೆ ನಟ್ಟು ಸಡಿಲಾಯಿತೆಂದು ತಿಳಿಯಬೇಕಂತೆ. ಬ್ರೇಕಿನ ದೀಪದ ವೈರು ಎಳೆದದ್ದು ಮಾತ್ರ ನಾನು. ಅದು ಇವತ್ತಿಗೂ ಹತ್ತುತ್ತದೆ ಎಂದು ಠಾಣೆಯವರು ಹೇಳಿದರು.

ಎಳ್ಳಮಾವಾಸ್ಯೆಗೆ ಎರಡು ದಿನ ಮುಂಚೆ ಗೌಡರು ಗಾಡಿ ಜೋಡಿಸಿ ನೋಡಲು ಬಂದರು. ಕುದುರೆಗಾಡಿಯ ಮುಂಭಾಗ ಎರಡು ಬೆರಳು ತಗ್ಗಾಗಿತ್ತು. “ಏ ಗುರುಶಾಂತಾ, ನನ್ನ ಕುದುರಿ ತಲಿ ತಗ್ಗಿಸಿಕೊಂಡು ಊರು ದಾಟಬೇಕೇನಲೇ?” ಎಂದು ಕೇಳಿದರು. ಮುಂದೆ ತುಸು ತಗ್ಗಿದ್ದರೇ ಗಾಡಿ ನೆಟ್ಟಗೆ ಬರುತ್ತದೆ, ಮೂತಿ ಮೇಲಾದರೆ ಹಿಂದಿನಿಂದ ಓಲಾಡುತ್ತದೆ ಎಂದು ನೀನು ಕೈ ಮಾಡಿ ತೋರಿಸಿ ಹೇಳಿದಿ. ಅವರು ಮುಖ ಗಂಟು ಹಾಕಿಕೊಂಡು ಹೋದರು. ಎಳ್ಳಮಾವಾಸ್ಯೆಯ ದಿನ ನೀನು ಭಾಗ್ಯಜ್ಯೋತಿಯನ್ನು ಕರೆದುಕೊಂಡು ಹಿರೋಳ್ಳಿಗೆ, ಮಾವನ ಹೊಲದಲ್ಲಿ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಲು ಹೋಗಿದ್ದಿ. ಗೌಡರು ಬಂದು ಕಾರು, ಗಾಡಿ ಎರಡನ್ನೂ ಒಯ್ದರು. ಆ ದಿನದ ಬಗ್ಗೆ ಬರೆಯುವಂಥದ್ದೇನೂ ಇಲ್ಲ.

ಮೂರನೇ ದಿನ ಕೊಳಕೂರಿನಲ್ಲಿ ಪೂಜೆ. ಕೊಂಡಿಗೆ ಹಸಿರು ಕುಪ್ಪಸದ ಕಣ ಸುತ್ತಿ, ಅದರ ಮೇಲೆ ಚೆಂಡುಹೂವಿನ ಮಾಲೆ ಕಟ್ಟಿ, ಗಾಲಿಯ ಕೆಳಗೆ ಲಿಂಬೆಹಣ್ಣು ಇಟ್ಟಿದ್ದರು. ಪೂಜೆಯ ಬಟ್ಟೆ ಬಿಚ್ಚಬಾರದೆಂದು ಗೌಡರ ತಾಯಿ ಹೇಳಿದ್ದರಂತೆ. ಮೊದಲ ಸಲ ನೀನೇ ಓಡಿಸಬೇಕೆಂದು ಗೌಡರು ಹಟ ಮಾಡಿದ್ದರಿಂದ ನೀನು ಸ್ಟೇರಿಂಗ್ ಹಿಡಿದಿ. ಜೇವರ್ಗಿ ಇನ್ನೂ ಮುಟ್ಟಿರಲಿಲ್ಲ. ಗಾಡಿ ಓಲಾಡಿತು, ಕೊಂಡಿಯ ನಡುವಿನ ಪಟ್ಟಿ ಕಿತ್ತು ಬಂತು, ಕೊಂಡಿ ಕಳಚಿದರೆ ತಡೆಯಲೆಂದು ಅದಕ್ಕೇ ಕಟ್ಟಿದ್ದ ಸರಪಳಿಯೂ ಸಂಗಡ ಹೋಯಿತು. ತೊಗರಿ ಕೊಯ್ಯಲು ರಸ್ತೆಯ ಬದಿಗೆ ನಡೆದು ಹೊರಟಿದ್ದ ಖಾಸೀಂಬಿ ಗಾಡಿಯ ಕೆಳಗೆ ಸಿಕ್ಕು ಅಲ್ಲೇ ಜೀವ ಬಿಟ್ಟಳು. ಕುದುರೆಯ ಮುಂಗಾಲು ಎರಡೂ ಮುರಿದವು, ಸಂಜೆಗೆ ಡಾಕ್ಟರು ಇಂಜೆಕ್ಷನ್ ಕೊಟ್ಟರು. ಗೌಡರು ಕುದುರೆಗೆ ಸಮಾಧಿ ಕಟ್ಟಿಸುತ್ತಿದ್ದಾರೆ.

ನಾನು ಖಾಸೀಂಬಿಯ ಮನೆಗೆ ಹೋಗಿದ್ದೆ. ನಿನಗೆ ಹೇಳಿರಲಿಲ್ಲ. ಮಗಳು ಫರಹೀನ ಚಾಪೆ ಹಾಸಿ, ನಾನು ಯಾರೆಂದು ತಿಳಿದ ಮೇಲೂ ನೀರು ತಂದಿಟ್ಟಳು. “ನಿಮ್ಮ ತಮ್ಮ ಗಾಡಿಯಿಂದ ಜಿಗಿದು ಬಂದು ಅಮ್ಮೀ ತಲಿ ತನ್ನ ತೊಡಿ ಮ್ಯಾಲ ಇಟ್ಕೊಂಡಿದ್ದ್ರಿ. ಓಡಿ ಹೋಗಲಿಲ್ಲ” ಎಂದಳು. ಆ ನೀರು ಕುಡಿಯಲು ನನ್ನಿಂದ ಆಗಲಿಲ್ಲ.

ಬರೀ ಅಪಘಾತದ ಕೇಸಾಗಿದ್ದರೆ ನೀನು ಅಂದೇ ಮನೆಗೆ ಬರುತ್ತಿದ್ದಿ. ಆದರೆ ಮುರಿದ ಕೊಂಡಿ ಪರೀಕ್ಷೆ ಮಾಡಿದ ಇನ್ಸ್‌ಪೆಕ್ಟರು, ಪಟ್ಟಿಯ ತೂತುಗಳನ್ನು ಗ್ಯಾಸಿನಿಂದ ಸುಟ್ಟು ಮಾಡಿದ್ದಾರೆ, ಅದರಲ್ಲಿದ್ದ ಬೋಲ್ಟುಗಳು ಟ್ರ್ಯಾಲಿಗೆ ಹಾಕುವ ಮೆತ್ತನೆಯ ಬೋಲ್ಟು ಎಂದು ಬರೆದುಕೊಟ್ಟರು. ಗೌಸಮೊಹಿದ್ದೀನ ಸಾಹೇಬರು ನಿನಗೆ ಒಳ್ಳೆಯದಾಗಲೆಂದೇ, ಹುಡುಗ ಬಲು ಜಾಣ, ಯಾವ ಬೋಲ್ಟು ಯಾವುದಕ್ಕೆ ಎಂದು ಅವನಿಗೆ ಪೂರಾ ಗೊತ್ತು ಎಂದು ಹೇಳಿಕೆ ಕೊಟ್ಟರು. ಅಲ್ಲಿಗೆ ಮುಗಿಯಿತು. ಎಲ್ಲ ಗೊತ್ತಿದ್ದೂ ಕೆಟ್ಟದ್ದನ್ನು ಹಾಕಿದ್ದಾನೆ ಎಂದು ಕಾಯ್ದೆಯ ದೊಡ್ಡ ಕಲಮು ಹಚ್ಚಿದರು. ನಿನ್ನ ಜಾಣತನವೇ ನಿನ್ನನ್ನು ಒಳಗೆ ಕೂಡಿಸಿದೆ. ಮಧುಮತಿಬಾಯಿಯವರು ನಿನ್ನೆ ಮತ್ತೆ ಮತ್ತೆ ಒಂದೇ ಮಾತು ಕೇಳಿದರು, “ಆರಿಸಿ ತಂದ ಆ ನಾಲ್ಕು ಬೋಲ್ಟು ಎಲ್ಲಿ ಹೋದವ್ರಿ? ಅವಸರದಾಗ ಅವನೇ ಬದಲ ಮಾಡಿರಬಹುದೇನು?” ನಾನು “ಇರಬಹುದ್ರಿ” ಎಂದೆ. ನೀನೂ ಹೋದ ಪತ್ರದಲ್ಲಿ ‘ನನ್ನ ಕೈಯೇ ಎಲ್ಲೋ ತಪ್ಪಿರಬೇಕು ಅಣ್ಣಾ’ ಎಂದು ಬರೆದಿದ್ದೀ. ಇದಕ್ಕಿಂತ ಹೆಚ್ಚು ನಾನೇನು ಬರೆಯಲಿ. ಗುರುವಾರ ಏನಾದರೂ ಒಳ್ಳೆಯದಾದೀತೆಂಬ ಆಸೆ ನನಗಿಲ್ಲ, ಮಧುಮತಿಬಾಯಿಯವರಿಗೂ ಇದ್ದಂತೆ ಕಾಣಲಿಲ್ಲ.

ಶೆಡ್ಡು ತೆಗೆಯುತ್ತೇನೆ, ಆದರೆ ಯಾರೂ ಬರುವುದಿಲ್ಲ. ನೇಗಿಲಿನ ಕುಳ ತಟ್ಟಿಸಲಿಕ್ಕೂ ಚೌಕದ ಆಚೆಯ ಶೆಡ್ಡಿಗೆ ಹೋಗುತ್ತಾರೆ. ಅವ್ವ ನಿನಗೆ ಆಶೀರ್ವಾದ ತಿಳಿಸಿದ್ದಾಳೆ, ಹಣೆಗೆ ವಿಭೂತಿ ತಪ್ಪಿಸಬೇಡ ಎಂದಿದ್ದಾಳೆ. ಜಯಮಾಲಾ ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ ಕಟ್ಟಿ ಇಟ್ಟಿದ್ದಾಳೆ, ಒಳಗೆ ಬಿಟ್ಟರೆ ಮುಂದಿನ ಭೇಟಿಗೆ ತರುತ್ತೇನೆ. ರಾತ್ರಿ ಎದೆಗೆ ಬಟ್ಟೆ ಕಟ್ಟಿಕೊಂಡು ಮಲಗು. ಬಸವಣ್ಣ ನಿನ್ನ ಕೈಬಿಡದಿರಲಿ.

ನಿನ್ನ ಅಣ್ಣ,
ಸಿದ್ದಲಿಂಗ

ತಾ.ಕ.: ಈ ಹಾಳೆ ವಕೀಲರ ಪ್ರತಿಯಲ್ಲಿ ಇಲ್ಲ. ಟಪಾಲಿನ ಹೊತ್ತಾಯಿತು, ಬೇಗ ಬರೆಯುತ್ತೇನೆ. ನಿನ್ನ ಕೈ ತಪ್ಪಿಲ್ಲ. ಇನ್ನೊಮ್ಮೆ ಹಾಗೆ ಬರೆಯಬೇಡ, ಓದಲು ಆಗುವುದಿಲ್ಲ. ಎಳ್ಳಮಾವಾಸ್ಯೆಯ ದಿನ ಗೌಡರು ಬಂದು, “ಶೆಡ್ಡಿನ ಮಾಲಕ ನೀನೋ, ನಿನ್ನ ತಮ್ಮನೋ?” ಎಂದರು. ಅಷ್ಟೇ ಸಾಕಾಯಿತು ನನಗೆ. ನಡುವಿನ ಪಟ್ಟಿ ಬಿಚ್ಚಿ, ನಾಲ್ಕು ಬೆರಳು ಮೇಲೆ ಗ್ಯಾಸಿನಿಂದ ತೂತು ಸುಟ್ಟು ಎತ್ತರಿಸಿದೆ. ನಿನ್ನ ಬೋಲ್ಟು ಆ ಸೊಟ್ಟ ತೂತಿನಲ್ಲಿ ಇಳಿಯಲಿಲ್ಲ, ಟ್ರ್ಯಾಲಿಯ ಸಣ್ಣ ಬೋಲ್ಟು ಹಾಕಿದೆ. ಕುದುರೆಗಾಡಿ ತಲೆ ಎತ್ತಿ ನಿಂತಿತು, ಗೌಡರು ನನ್ನ ಬೆನ್ನು ತಟ್ಟಿದರು. ಪೂಜೆಯ ದಿನ ಬೆಳಿಗ್ಗೆ ನೀನು ಕೊಳಕೂರಿನಿಂದ ಫೋನು ಮಾಡಿ, “ಅಣ್ಣಾ, ಗಾಡಿ ಎತ್ತರ ಕಾಣಾಕತ್ತದ, ಏನರ ಮುಟ್ಟಿದಿಯೇನು?” ಎಂದು ಕೇಳಿದಿ. “ಏನೂ ಇಲ್ಲ, ನೀ ಹೊಡಿ” ಎಂದೆ. ನಿನಗೆ ಅಂದೇ ಗೊತ್ತಾಗಿತ್ತೋ ಏನೋ. ಗೌಡರಿಗೆ ಗೊತ್ತು, ಅವರು ಬಾಯಿ ಬಿಡುವುದಿಲ್ಲ. ನಾನು ಎರಡು ಸಲ ಠಾಣೆಯ ಗೇಟಿನ ತನಕ ಹೋಗಿ ತಿರುಗಿ ಬಂದೆ. ಇನ್ನೊಮ್ಮೆ ಹೋಗುವವನಲ್ಲ, ನನ್ನನ್ನು ನಾನು ಬಲ್ಲೆ. ಈ ಹಾಳೆಯನ್ನು ಮಧುಮತಿಬಾಯಿಯವರ ಕೈಗೆ ಕೊಟ್ಟರೆ ನೀನು ಹೊರಗೆ ಬರುತ್ತೀ. ನೀನು ಕೊಡುವುದಿಲ್ಲ ಗುರ್ಯಾ, ಹರಿದು ಹಾಕುತ್ತೀ. ಅದು ಗೊತ್ತಿದ್ದದ್ದಕ್ಕೇ ಬರೆಯುವ ಧೈರ್ಯ ಬಂತು.